ಹಾರ್ನಿನ ಬ್ಯಾಟರಿಗೆ ನಾನು ಸುರಿದ ನೀರು

ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಶಾಲೆಗೆ ಸಹಾಯಕನಾಗಿ ಸೇರಿದ ದಿನ ನನ್ನ ಕೈಗೆ ಬಂದದ್ದು ಒಂದು ಗೊಂಚಲು ಕೀಲಿಕೈ, ಆಸಿಡ್ ಬಿದ್ದು ತೂತಾಗಿದ್ದ ಒಂದು ಏಪ್ರನ್. ಕೆಲಸ ಏನೆಂದು ಯಾರೂ ಕೂರಿಸಿ ಹೇಳಲಿಲ್ಲ. ನೋಡಿ ಕಲಿತೆ, ಬೈಸಿಕೊಂಡು ಕಲಿತೆ. ಸುರಪುರದಲ್ಲಿ ಇಪ್ಪತ್ತೊಂಬತ್ತು ವರ್ಷ ಗಾಜಿನ ಸಾಮಾನು ತೊಳೆದೆ, ದ್ರಾವಣ ಕಲಸಿದೆ, ವಿದ್ಯಾರ್ಥಿಗಳ ಸುಟ್ಟ ಬೆರಳಿಗೆ ಮುಲಾಮು ಹಚ್ಚಿದೆ. ಕಾಯಂ ಆದದ್ದು, ಪಗಾರ ಏರಿದ್ದು, ಬೀಳ್ಕೊಡುಗೆಯ ದಿನ ಶಾಲು ಹೊದಿಸಿದ್ದು, ಇವನ್ನೆಲ್ಲ ಬರೆಯುವುದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಅದರಿಂದ ಏನೂ ಉಪಯೋಗವಿಲ್ಲ. ನಾನು ಕೆಡಿಸಿದ್ದನ್ನು ಹೇಳಿದರೆ ಉಪಯೋಗವಾದೀತು.

ಮೊದಲ ತಪ್ಪು ಸಣ್ಣದು. ಸೇರಿದ ಎರಡನೆಯ ವಾರ ಸಿಲ್ವರ್ ನೈಟ್ರೇಟ್ ದ್ರಾವಣ ಮಾಡಲು ಹೇಳಿದರು. ಬಟ್ಟಿ ಇಳಿಸಿದ ನೀರು ಮುಗಿದಿತ್ತು. ನಲ್ಲಿಯ ನೀರು ಹಿಡಿದು ಕಲಸಿದೆ. ಬಾಟಲಿಯೊಳಗೆ ಮಜ್ಜಿಗೆ ಸುರಿದ ಹಾಗೆ ಬೆಳ್ಳಗಾಯಿತು. ಅಂದಿನ ಪ್ರಯೋಗ ಪೂರ್ತಿ ಹಾಳು. ವಿಭಾಗದ ಮುಖ್ಯಸ್ಥರಾಗಿದ್ದ ದೇಸಾಯಿ ಸರ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು, ಬೈಯಲಿಲ್ಲ.

"ಭೀಮರಾಯ, ನಮ್ಮ ಊರಿನ ನೀರು ಸವಳು. ಅದರಾಗ ಉಪ್ಪದ, ಸುಣ್ಣದ, ಸೋಡಾ ಅದ. ನಿನ್ನ ಕಣ್ಣಿಗೆ ಕಾಣಂಗಿಲ್ಲ, ಔಷಧಕ್ಕ ಕಾಣತದ" ಎಂದರು.

ಆ ದಿನ ಸಂಜೆಯವರೆಗೂ ಬಟ್ಟಿ ಯಂತ್ರದ ಮುಂದೆ ನನ್ನನ್ನು ಕೂರಿಸಿ ಹನಿ ಹನಿ ನೀರು ಇಳಿಸಲು ಹಚ್ಚಿದರು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ನಾನು ಮಾಡಿದ್ದನ್ನು ಗೊತ್ತಿಲ್ಲದೆ ಮಾಡಿದೆ ಎನ್ನುವ ಹಕ್ಕು ನನಗಿಲ್ಲ.

ಆಗ ನಮ್ಮ ಕಡೆ ಕಾಲುವೆಗೆ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ಶಹಾಪುರ, ಸುರಪುರದ ಜೋಳದ ಹೊಲಗಳಲ್ಲಿ ಭತ್ತದ ಸಸಿ ಕಾಣುವುದು ಇನ್ನೂ ಹೊಸತಾಗಿತ್ತು. ಅದೇ ಕಾಲಕ್ಕೆ ಸುಜಾತಾ ಮೇಡಂ ನಮ್ಮ ವಿಭಾಗಕ್ಕೆ ಬಂದರು. ಕಕ್ಕೇರಾದವರು. ತಂದೆ ಪ್ರಾಥಮಿಕ ಶಾಲೆಯ ಮಾಸ್ತರರು, ಅವರ ಮನೆಯಲ್ಲಿ ಬುದ್ಧನ ಒಂದು ಪಟ, ಒಂದು ಕಪಾಟು ತುಂಬ ಪುಸ್ತಕ ಇದ್ದದ್ದನ್ನು ಆಮೇಲೆ ನೋಡಿದೆ. ಮೇಡಂ ನಮ್ಮಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಜೊತೆಗೆ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಹೆಸರು ನೋಂದಾಯಿಸಿದ್ದರು. ಕಾಲೇಜಿಗೆ ಬಂದ ಮೂರನೆಯ ದಿನವೇ ನನ್ನನ್ನು ಕರೆದು ಕೇಳಿದರು.

"ಭೀಮರಾಯರ, ಯಾದಗಿರಿಯಿಂದ ಬರ್ಫ ತರಸಾಕ ಆಗತದೇನ್ರಿ?"

ನನಗೆ ನಗು ಬಂತು. ಮಂಜುಗಡ್ಡೆ ಶರಬತ್ತಿಗೆ ಬೇಕೇನೋ ಎಂದುಕೊಂಡೆ. ಅವರಿಗೆ ಬೇಕಾಗಿದ್ದು ಪಾಲಿಮರ್ ಮಾಡಲು. ಅನಿಲೀನ್ ಎಂಬ ಎಣ್ಣೆಯಂಥ ವಸ್ತುವನ್ನು ಆಸಿಡ್‌ನಲ್ಲಿ ಕರಗಿಸಿ, ಬರ್ಫದ ನಡುವೆ ಪಾತ್ರೆಯಿಟ್ಟು, ಇನ್ನೊಂದು ಔಷಧವನ್ನು ಹನಿಹನಿಯಾಗಿ ಬಿಡಬೇಕು. ಕಾವು ಏರಿದರೆ ಕೆಟ್ಟಿತು. ಯಾದಗಿರಿಯ ಬರ್ಫ ಕಾರ್ಖಾನೆಯಿಂದ ಗಡ್ಡೆ ತಂದು, ಕಟ್ಟಿಗೆಯ ಹೊಟ್ಟು ತುಂಬಿದ ಗೋಣಿಚೀಲದಲ್ಲಿ ಸುತ್ತಿ, ಮುಂಜಾನೆಯ ಬಸ್ಸಿನಲ್ಲಿ ನನ್ನ ಕಾಲ ಬಳಿ ಇಟ್ಟುಕೊಂಡು ಬರುತ್ತಿದ್ದೆ. ಶಹಾಪುರಕ್ಕೆ ಬರುವಷ್ಟರಲ್ಲಿ ನೀರು ಸೋರಿ ಪಕ್ಕದವರ ಚಪ್ಪಲಿ ತೊಯ್ಯುತ್ತಿತ್ತು. ಕಂಡಕ್ಟರ್ ಗೊಣಗುತ್ತಿದ್ದ. ಸುರಪುರದ ಗುಡ್ಡ ಹತ್ತುವಾಗ ಅರ್ಧ ಗಡ್ಡೆ ಉಳಿದಿದ್ದರೆ ನಮ್ಮ ಪುಣ್ಯ.

ಪಾತ್ರೆಯಲ್ಲಿ ಮೊದಲು ನೀಲಿ ಎಳೆ ಏಳುತ್ತಿತ್ತು, ಆಮೇಲೆ ಕಡು ಹಸಿರು. ಸೋಸಿ ಒಣಗಿಸಿದರೆ ಹಸಿರುಗಪ್ಪು ಪುಡಿ. ಪ್ಲಾಸ್ಟಿಕ್ಕಿನ ಜಾತಿಯದು, ಆದರೂ ಕರೆಂಟು ಹರಿಯಗೊಡುವ ಪುಡಿ. ಅದನ್ನು ಇದ್ದಿಲ ಪುಡಿಯ ಜೊತೆ ಕಲಸಿ ಜಾಲರಿಯ ಮೇಲೆ ಒತ್ತಿ ಒಂದು ಫಲಕ ಮಾಡಬೇಕು, ಎದುರಿಗೆ ಸತುವಿನ ತಗಡು ನಿಲ್ಲಿಸಬೇಕು, ನಡುವೆ ಎಲೆಕ್ಟ್ರೊಲೈಟ್ ಎಂಬ ದ್ರಾವಣ ಸುರಿಯಬೇಕು. ಬ್ಯಾಟರಿಯ ಒಂದು ಕೋಶ ತಯಾರಾಯಿತು. ನನ್ನ ಉಗುರಿನ ಸಂದಿಯ ಹಸಿರು ಎಷ್ಟೋ ತಿಂಗಳು ಹೋಗಲಿಲ್ಲ. ರೊಟ್ಟಿ ಮುರಿಯುವಾಗ ಹೆಂಡತಿ ನನ್ನ ಕೈ ನೋಡಿ ಮುಖ ತಿರುಗಿಸುತ್ತಿದ್ದಳು.

ಮೇಡಂಗೂ ಅವರ ಮಾರ್ಗದರ್ಶಕರಿಗೂ ಭಿನ್ನಾಭಿಪ್ರಾಯ ಇದ್ದದ್ದು ಆ ನಡುವಿನ ದ್ರಾವಣದ ಬಗ್ಗೆ. ಮಾರ್ಗದರ್ಶಕರು ವಿಶ್ವವಿದ್ಯಾಲಯದ ದೊಡ್ಡ ಪ್ರೊಫೆಸರ್. ನೀರೇ ಇಲ್ಲದ ಸಾವಯವ ದ್ರಾವಕದಲ್ಲಿ ಲವಣ ಕರಗಿಸಿ ಹಾಕಬೇಕು, ಅದರಲ್ಲಿ ಕೋಶ ಹೆಚ್ಚು ದಿನ ಬಾಳುತ್ತದೆ, ವೋಲ್ಟೇಜು ಜಾಸ್ತಿ ಸಿಗುತ್ತದೆ ಎನ್ನುವುದು ಅವರ ಪಟ್ಟು. ಮುಂಬಯಿಯಿಂದ ಒಂದು ಕಂದು ಬಾಟಲಿಯನ್ನೂ ಕಳಿಸಿದ್ದರು. ಎಣ್ಣೆಯ ಹಾಗೆ ಮಂದ. ಅವರು ಹೇಳಿದಂತೆಯೇ ಕೋಶ ಕಟ್ಟಿದೆವು. ಮೀಟರಿನ ಮುಳ್ಳು ಚೆನ್ನಾಗಿ ಮೇಲೆ ನಿಂತಿತು. ಟಾರ್ಚಿನ ಸಣ್ಣ ಬಲ್ಬು ಹಚ್ಚಿದರೆ ದಿನವಿಡೀ ಉರಿಯಿತು. ನನಗೆ ಖುಷಿಯಾಯಿತು. ಮೇಡಂ ಬಲ್ಬು ತೆಗೆದು ಒಂದು ಹಳೆಯ ಮೋಟರ್ ಹಚ್ಚಿದರು. ಮುಳ್ಳು ಬುಡಕ್ಕೆ ಕುಸಿಯಿತು. ಮೋಟರ್ ಒಂದು ಸುತ್ತು ತಿರುಗಿ ನಿಂತಿತು.

"ಬ್ಯಾಟರಿ ಖಾಲಿ ಆತೇನ್ರಿ?" ಎಂದೆ.

"ಖಾಲಿ ಆಗಿಲ್ಲ, ತುಂಬ್ಯಾದ. ಆದ್ರ ಜಲ್ದಿ ಕೊಡಾಕ ಬರವಲ್ದು" ಎಂದರು. ನನಗೆ ತಿಳಿಯಲಿಲ್ಲ ಎಂದು ಮುಖ ನೋಡಿಯೇ ಗೊತ್ತಾಯಿತು ಅವರಿಗೆ. "ರಂಗಂಪೇಟಿ ಓಣಿ ನೋಡೀರಲ್ಲ. ಸಂತಿ ದಿನ ಆ ಓಣಿಯಾಗ ತುಂಬಿದ ಬಂಡಿ ಹೋಗೂದಾದ್ರ ಹೆಂಗ ಹೋಗತದ? ಹೋಗತದ, ಆದ್ರ ತಾಸು ಹಿಡೀತದ. ನಡಕೋತ ಹೋಗಾವ ಸಂದಿಯಾಗ ನುಗ್ಗಿ ಹೋಗಿಬಿಡ್ತಾನ. ಪಾಲಿಮರ್ ಒಳಗೂ ಅಂಥಾ ಸಣ್ಣ ಓಣಿ ಅವ. ಕರೆಂಟು ಕೊಡಬೇಕಾದ್ರ ದ್ರಾವಣದಾಗಿನ ಅಯಾನು ಆ ಓಣಿಯಾಗ ಓಡಾಡಬೇಕು. ಈ ಎಣ್ಣಿಯಾಗ ಅಯಾನು ದಪ್ಪ, ಹಾದಿ ಅಂಟು. ನಿಧಾನ ಕೇಳಿದ್ರ ಕೊಡತದ. ಒಮ್ಮಿಗೇ ಕೇಳಿದ್ರ ಕೈ ಎತ್ತಿಬಿಡತದ."

ಇಪ್ಪತ್ತೊಂಬತ್ತು ವರ್ಷದಲ್ಲಿ ಬ್ಯಾಟರಿಯ ಬಗ್ಗೆ ನಾನು ಕೇಳಿದ ಅತಿ ಒಳ್ಳೆಯ ಪಾಠ ಅದು. ಅದನ್ನು ಕೇಳಿದ್ದು ನಾನೊಬ್ಬನೇ.

ಆಮೇಲೆ ಮೇಡಂ ನೀರಿನ ದ್ರಾವಣಕ್ಕೆ ಕೈ ಹಾಕಿದರು. ಸತುವಿನ ಕ್ಲೋರೈಡ್ ಮತ್ತು ನವಸಾಗರ, ಎರಡೂ ಲವಣ. ನವಸಾಗರದ ಬಾಟಲಿ ಮುಗಿದಾಗ ನಾನು ರಂಗಂಪೇಟೆಯ ಕಲಾಯಿ ಹಾಕುವವರ ಹತ್ತಿರ ಕಟ್ಟಿಸಿಕೊಂಡು ಬಂದೆ. ಮೇಡಂ ನಕ್ಕು ತೆಗೆದುಕೊಂಡರು. ಆದರೆ ಹಾಗೇ ಬಳಸಲಿಲ್ಲ, ಮೂರು ಸಲ ಕರಗಿಸಿ, ಸೋಸಿ, ಮತ್ತೆ ಹರಳು ಕಟ್ಟಿಸಿದರು. ಲವಣ ಕಡಿಮೆಯಾದರೆ ಮೋಟರ್ ನಿಧಾನ. ಹೆಚ್ಚಾದರೆ ದ್ರಾವಣವೇ ಪಾಕದ ಹಾಗೆ ಮಂದವಾಗಿ ಮತ್ತೆ ನಿಧಾನ. ಹುಳಿಯ ಅಂಶ ಜಾಸ್ತಿಯಾದರೆ ಸತುವನ್ನು ತಿಂದು ಗುಳ್ಳೆ ಏಳುತ್ತಿತ್ತು. ಕಡಿಮೆಯಾದರೆ ಹಸಿರು ಪುಡಿ ನೀಲಿಗೆ ತಿರುಗಿ ಕರೆಂಟು ಹರಿಯಗೊಡುತ್ತಿರಲಿಲ್ಲ. ಎರಡರ ನಡುವೆ ಒಂದು ಹದ. ಆ ಹದ ಸಿಗುವಷ್ಟರಲ್ಲಿ ಒಂದು ಮಳೆಗಾಲ, ಒಂದು ಚಳಿಗಾಲ ಹೋಯಿತು. ಸಿಕ್ಕ ದಿನ ಮೋಟರ್ ತಿರುಗಿ ತಿರುಗಿ ಮೇಜಿನಿಂದ ಕೆಳಗೆ ಬಿತ್ತು. ದೇಸಾಯಿ ಸರ್ ಬಾಗಿಲಲ್ಲಿ ನಿಂತು ನೋಡಿ, "ನಿಮ್ಮ ಪ್ರೊಫೆಸರ್ ಒಪ್ಪೂದಿಲ್ಲ ಬಿಡವ್ವಾ" ಎಂದು ಹೇಳಿ ಹೋದರು. ಮಾತು ಕಟುವಾಗಿತ್ತು, ಮುಖದಲ್ಲಿ ಸಂತೋಷವಿತ್ತು.

ಕಾಲುವೆ ಇಲಾಖೆಯ ಸೆಕ್ಷನ್ ಇಂಜಿನಿಯರ್ ಒಬ್ಬರು ದೇಸಾಯಿ ಸರ್ ಅವರ ಪರಿಚಯದವರು. ವನದುರ್ಗದ ಹತ್ತಿರ ಒಂದು ಉಪಕಾಲುವೆಯ ಗೇಟು ಅವರ ಕೈಯಲ್ಲಿತ್ತು. ಗೇಟಿನ ಕೆಳಗೆ ನೀರು ಧುಮುಕುವ ಕಲ್ಲಿನ ಹೊಂಡ. ಗೇಟು ಮುಚ್ಚಿದ ದಿನಗಳಲ್ಲಿ ಅಲ್ಲಿ ಮೊಳಕಾಲುದ್ದ ನೀರು ನಿಂತಿರುತ್ತಿತ್ತು, ಹೆಂಗಸರು ಬಟ್ಟೆ, ಕೌದಿ ಒಗೆಯಲು ಬರುತ್ತಿದ್ದರು. ಗೇಟು ಎತ್ತುವ ಮುಂಚೆ ಲಾರಿಯ ಹಾರ್ನ್ ಬಾರಿಸಿ ಎಚ್ಚರಿಸಬೇಕೆಂದು ನಿಯಮ. ಅಲ್ಲಿ ಕರೆಂಟಿನ ಲೈನ್ ಇರಲಿಲ್ಲ. ಬ್ಯಾಟರಿ ಇಟ್ಟರೆ ವಾರದೊಳಗೆ ಕಳವು.

"ಸೀಸದ ಆಸೆಕ್ಕ ಒಯ್ತಾರ್ರಿ. ಮೂರು ಬ್ಯಾಟರಿ ಹೋದವು. ನಿಮ್ಮ ಬ್ಯಾಟರಿಯಾಗ ಸೀಸ ಇಲ್ಲಂತಲ್ಲ?" ಎಂದು ಇಂಜಿನಿಯರ್ ಕೇಳಿದರು.

"ಇಲ್ರಿ. ಒಡದು ನೋಡಿದ್ರ ಹಸಿರು ಕೆಸರು ಸಿಗತದ, ಅಷ್ಟ" ಎಂದರು ಮೇಡಂ.

ಹಾರ್ನ್ ಎನ್ನುವುದು ಒಮ್ಮೆಗೇ ಬಹಳ ಕರೆಂಟು ಕೇಳುವ ವಸ್ತು. ಅವರ ದ್ರಾವಣಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗುತ್ತಿರಲಿಲ್ಲ. ಗಾಜಿನ ಬದಲು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ದೊಡ್ಡ ಕೋಶಗಳನ್ನು ಕಟ್ಟಿ, ಸಾಲಾಗಿ ಜೋಡಿಸಿ, ಎರಡು ಕಟ್ಟಿಗೆಯ ಪೆಟ್ಟಿಗೆ ತಯಾರು ಮಾಡಿದೆವು. ಒಂದು ಗೇಟಿನಲ್ಲಿರುವುದು, ಇನ್ನೊಂದು ಪ್ರಯೋಗಶಾಲೆಯಲ್ಲಿ ಚಾರ್ಜ್ ಆಗುವುದು. ಪರೀಕ್ಷೆಗೆಂದು ಪ್ರಯೋಗಶಾಲೆಯಲ್ಲೂ ಅಂಥದೇ ಒಂದು ಹಾರ್ನ್ ಇಟ್ಟೆವು. ವಾರಕ್ಕೊಮ್ಮೆ ನಾನು ಬಸ್ಸಿನಲ್ಲಿ ವನದುರ್ಗಕ್ಕೆ ಹೋಗಿ ಅದಲುಬದಲು ಮಾಡಬೇಕು.

ಗೇಟು ಕಾಯುವ ಲಸ್ಕರನ ಹೆಸರು ಹಣಮಂತ. ನನ್ನ ವಯಸ್ಸಿನವನೇ. ಮೊದಲ ದಿನ ಸ್ವಿಚ್ ಒತ್ತಿದಾಗ ಹಾರ್ನ್ ಎಷ್ಟು ಜೋರಾಗಿ ಕೂಗಿತೆಂದರೆ ಕೋಟೆಯ ಕಡೆಯಿಂದ ಹಕ್ಕಿಗಳ ಹಿಂಡೇ ಎದ್ದಿತು. ಹೊಂಡದಲ್ಲಿದ್ದ ಹೆಂಗಸರು ಒದ್ದೆ ಬಟ್ಟೆ ಎತ್ತಿಕೊಂಡು ದಡಕ್ಕೆ ಓಡಿದರು. ಹಣಮಂತ ಪೆಟ್ಟಿಗೆಯನ್ನು ಕೈಯಿಂದ ಸವರಿ, "ಎತ್ತು ಚೊಲೋ ಅದ್ರಿ ಮೇಡಂ, ಹಲ್ಲು ನೋಡೂದು ಬ್ಯಾಡ" ಎಂದ. ಮೇಡಂ ನಕ್ಕದ್ದನ್ನು ನಾನು ಬಹಳ ಸಲ ಕಂಡಿಲ್ಲ. ಅಂದು ನಕ್ಕರು.

ಹೊರಡುವಾಗ ಬಸ್ಸಿನಲ್ಲಿ ನನಗೆ ಒಂದು ನೋಟ್‌ಬುಕ್ ಕೊಟ್ಟರು. "ಪ್ರತಿ ವಾರ ಪೆಟ್ಟಿಗಿ ಒಯ್ಯೂದಕ್ಕ ಮುಂಚೆ ಹಾರ್ನ್ ಹಚ್ಚಿ ಹತ್ತು ಎಣಿಸೂತನಕ ಬಾರಿಸ್ರಿ. ಹುಳಿ ಎಷ್ಟದ ಅಂತ ಕಾಗದದ ಪಟ್ಟಿ ಅದ್ದಿ ನೋಡ್ರಿ. ಆವಿಯಾಗಿ ಕಡಿಮಿ ಆದ್ರ ಬಟ್ಟಿ ನೀರು ಹಾಕ್ರಿ, ಬ್ಯಾರೆ ಯಾವ ನೀರೂ ಬ್ಯಾಡ. ಬಲ್ಬು ಹಚ್ಚಿ ನೋಡಿದ್ರ ಏನೂ ತಿಳಿಯೂದಿಲ್ಲ."

ಒಂದು ಹಂಗಾಮು ಪೂರ್ತಿ ಎಲ್ಲವೂ ಸರಿಯಾಗಿ ನಡೆಯಿತು. ಹಾಗೆ ನಡೆದದ್ದೇ ನನ್ನನ್ನು ಕೆಡಿಸಿತು. ನಮ್ಮ ಕೋಣೆಯ ಪಕ್ಕದಲ್ಲಿ ಇತಿಹಾಸದ ತರಗತಿ. ನಾನು ಹಾರ್ನ್ ಬಾರಿಸಿದಾಗಲೆಲ್ಲ ಅಲ್ಲಿಂದ ದೂರು. ಪ್ರಿನ್ಸಿಪಾಲರು ಕರೆಸಿ, "ಇದೇನು ಬಸ್ ಸ್ಟ್ಯಾಂಡೇನೋ" ಎಂದರು. ಹಾರ್ನನ್ನು ಮೈದಾನಕ್ಕೆ ಒಯ್ದು ಬಾರಿಸಬಹುದಿತ್ತು. ಪೆಟ್ಟಿಗೆ ಭಾರ, ನನಗೆ ಸೋಮಾರಿತನ. ಒಂದು ವಾರ ಟಾರ್ಚಿನ ಬಲ್ಬು ಹಚ್ಚಿ ನೋಡಿದೆ. ಉರಿಯಿತು. ನೋಟ್‌ಬುಕ್ಕಿನಲ್ಲಿ "ಹಾರ್ನ್ ಸರಿ" ಎಂದು ಬರೆದೆ. ಮುಂದಿನ ವಾರವೂ ಹಾಗೇ ಬರೆದೆ. ಹುಳಿಯ ಕಾಗದವನ್ನೂ ಅದ್ದದೆ ಹಿಂದಿನ ವಾರದ ಅಂಕಿಯನ್ನೇ ಇಳಿಸಿದೆ. ಸುಳ್ಳು ಬರೆಯುವುದು ಎರಡನೆಯ ಸಲ ಎಷ್ಟು ಸುಲಭ ಎಂದು ಆಗ ಗೊತ್ತಾಯಿತು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಡಬ್ಬಿಗಳಲ್ಲಿ ದ್ರಾವಣ ಬೇಗ ಇಳಿಯತೊಡಗಿತು. ಅದೇ ಹೊತ್ತಿಗೆ ಬಟ್ಟಿ ಯಂತ್ರದ ಗಾಜಿನ ಕೊಳವೆ ಒಡೆಯಿತು. ಹೊಸದನ್ನು ತರಿಸಲು ಚೀಟಿ ಬರೆದು ಸಹಿ ಮಾಡಿಸಬೇಕು, ಕಲಬುರಗಿಯಿಂದ ಬರಬೇಕು. ಶಹಾಪುರದಲ್ಲಿ ಯಾವುದಾದರೂ ಗ್ಯಾರೇಜಿನಿಂದ ಬಟ್ಟಿ ನೀರಿನ ಕ್ಯಾನ್ ತರಬಹುದಿತ್ತು. ಮೇಡಂಗೆ ಒಂದು ಮಾತು ಹೇಳಬಹುದಿತ್ತು. ನಾನು ಕಾಲೇಜಿನ ಹಿಂದಿನ ಬೋರ್‌ವೆಲ್‌ನಿಂದ ತಂಬಿಗೆ ತುಂಬಿ ತಂದು ಎಲ್ಲ ಡಬ್ಬಿಗೂ ಸುರಿದೆ. ಒಂದು ವಾರದ ಮಟ್ಟಿಗೆ ತಾನೇ ಎಂದುಕೊಂಡೆ. ಮೂರು ವಾರ ಸುರಿದೆ. ಎರಡೂ ಪೆಟ್ಟಿಗೆಗೂ ಸುರಿದೆ.

ಮೂರನೆಯ ವಾರ ಹಣಮಂತ ಹೇಳಿದ್ದ. "ಸರ, ಹಾರ್ನ್ ಜರಾ ಸಣ್ಣಗ ಆಗ್ಯಾದ. ಮೊದಲಿನಂಗ ಇಲ್ರಿ."

"ಹಾರ್ನಿನ ಬಾಯಾಗ ಧೂಳ ಕುಂತದ. ಒರಸಿ ಇಡು" ಎಂದು ಹೇಳಿ ನಾನು ಬಸ್ ಹಿಡಿದೆ.

ಮುಂದಿನ ಪಾಳಿಯ ನೀರು ಬಿಟ್ಟದ್ದು ಒಂದು ಮಧ್ಯಾಹ್ನ. ಮೇಲಿನ ಗೇಟಿನಿಂದ ಸುದ್ದಿ ಬಂತು, ಹಣಮಂತ ಸ್ವಿಚ್ ಒತ್ತಿದ. ಹಾರ್ನ್ ಸೊಳ್ಳೆಯ ಹಾಗೆ ಗುಂಯ್ ಎಂದು ನಿಂತಿತು. ಮತ್ತೊಮ್ಮೆ ಒತ್ತಿದ, ಅಷ್ಟೂ ಬರಲಿಲ್ಲ. ಬಾಯಿಂದಲೇ ಕೂಗಿದ. ಹೊಂಡದಲ್ಲಿದ್ದ ಇಬ್ಬರು ಎದ್ದು ಹೋದದ್ದು ಕಂಡಿತು. ಎಲ್ಲರೂ ಹೋದರೆಂದು ಗೇಟಿನ ಚಕ್ರ ತಿರುಗಿಸಿದ. ನೀರು ಧುಮುಕತೊಡಗಿದ ಮೇಲೆ ನೋಡಿದರೆ ಗೋಡೆಯ ಮರೆಯಲ್ಲಿ ಇನ್ನೊಬ್ಬಾಕೆ ಕೂತು ಕೌದಿ ಹಿಂಡುತ್ತಿದ್ದಳು. ಚಕ್ರ ಬಿಟ್ಟು ಹಣಮಂತ ಕಲ್ಲಿನ ಇಳಿಜಾರಿನ ಮೇಲೆ ಓಡಿದ, ಜಾರಿದ, ಬಲಗೈ ಮೊಳಕೈ ಕಲ್ಲಿಗೆ ಬಡಿಯಿತು. ಆ ಕೈ ಮುರಿದದ್ದು ಗೊತ್ತಾಗುವ ಮುಂಚೆ ಎಡಗೈಯಿಂದ ಆಕೆಯ ಸೀರೆ ಹಿಡಿದು ದಡಕ್ಕೆ ಎಳೆದಿದ್ದ. ಆಕೆ ಉಳಿದಳು. ಕೌದಿ ಕಾಲುವೆಯಲ್ಲಿ ಹೋಯಿತು. ಹಣಮಂತನ ಕೈ ಮತ್ತೆ ನೆಟ್ಟಗಾಗಲಿಲ್ಲ.

ಊರಿನವರು ತಕರಾರು ಮಾಡಿದರು. ವಿಚಾರಣೆ ಎಂದು ಸುರಪುರದಲ್ಲಿ ಎಲ್ಲರನ್ನೂ ಕೂರಿಸಿದರು. ಹಾರ್ನ್ ಕೇಳಲೇ ಇಲ್ಲ ಎಂದು ಆ ಹೆಂಗಸು ಹೇಳಿದಳು. ಅದು ನಿಜ. ಹಾಗಾದರೆ ಲಸ್ಕರ ಸ್ವಿಚ್ಚನ್ನೇ ಒತ್ತಿಲ್ಲ ಎಂದು ಕಾಲುವೆ ಇಲಾಖೆಯ ಒಬ್ಬ ಸಾಹೇಬರು ಹೇಳಿದರು. ಹಣಮಂತ ಕೊರಳಿಗೆ ಬಟ್ಟೆ ಕಟ್ಟಿ ಕೈ ನೇತುಹಾಕಿಕೊಂಡು ನಿಂತಿದ್ದ.

"ಒತ್ತೀನ್ರಿ ಸಾಹೇಬ್ರ. ಎರಡು ಸಲ ಒತ್ತೀನಿ" ಎಂದಷ್ಟೇ ಹೇಳುತ್ತಿದ್ದ.

ಸಾಹೇಬರು ನನ್ನ ಕಡೆ ತಿರುಗಿದರು. "ಬ್ಯಾಟರಿ ಪರೀಕ್ಷೆ ಮಾಡಿದವರು ನೀವಲ್ಲವೆ? ಆ ವಾರ ಹೇಗಿತ್ತು?"

ನೋಟ್‌ಬುಕ್ ಅವರ ಮುಂದಿತ್ತು. ನನ್ನ ಅಕ್ಷರ ಚೆನ್ನಾಗಿಯೇ ಇತ್ತು. ನಾನು ಆಗ ದಿನಗೂಲಿಯವನು. ಕಾಯಂ ಮಾಡುವ ಕಾಗದ ಎಲ್ಲೋ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು.

"ಸರಿ ಇತ್ತುರಿ" ಎಂದೆ.

ಆ ಎರಡು ಅಕ್ಷರದ "ಇತ್ತು" ಹಣಮಂತನ ಕೊರಳಿಗೆ ಬಿತ್ತು. ಅವನು ನನ್ನ ಕಡೆ ನೋಡಿದ. ಹಾರ್ನ್ ಸಣ್ಣಗಾಗಿದೆ ಎಂದು ತಾನು ಹೇಳಿದ್ದನ್ನು ಅಲ್ಲಿ ಹೇಳಬಹುದಿತ್ತು, ಹೇಳಲಿಲ್ಲ. ನಾನು ಹೇಳಿಯೇನು ಎಂದು ಕಾಯುತ್ತಿದ್ದನೇನೋ.

ಮೇಡಂ ನೋಟ್‌ಬುಕ್ಕನ್ನು ಕೇಳಿ ತೆಗೆದುಕೊಂಡು ಪುಟ ಪುಟ ತಿರುವಿದರು. ಪ್ರತಿ ವಾರ ಹಾರ್ನ್ ಸರಿ, ಹುಳಿ ಸರಿ. ಅವರು ಆ ಅಂಕಿಗಳನ್ನು ನಂಬಿದರು. ನಂಬಿದ್ದರಿಂದ ಅವರ ಲೆಕ್ಕ ಹೀಗೆ ಹೋಯಿತು: ಹಣಮಂತ ಸುಳ್ಳು ಹೇಳುವವನಲ್ಲ, ಪರೀಕ್ಷೆಯಲ್ಲಿ ತಪ್ಪಿಲ್ಲ, ಆದ್ದರಿಂದ ದ್ರಾವಣವೇ ನಮ್ಮ ಬಿಸಿಲಿಗೆ ತಡೆಯದೆ ಒಮ್ಮೆಗೇ ಕೈಕೊಟ್ಟಿದೆ. ಅಲ್ಲೇ ಒಂದು ಹಾಳೆ ಕೇಳಿ ಬರೆದುಕೊಟ್ಟರು. ಲಸ್ಕರನು ಸ್ವಿಚ್ ಒತ್ತಿದ್ದಾನೆ, ಬ್ಯಾಟರಿ ಕರೆಂಟು ಕೊಟ್ಟಿಲ್ಲ, ದ್ರಾವಣ ಆರಿಸಿದ್ದು ತಾನು, ಆ ಆಯ್ಕೆ ತಪ್ಪು, ಇದರಲ್ಲಿ ಅವನ ದೋಷವಿಲ್ಲ. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಹಣಮಂತನ ನೌಕರಿ ಉಳಿಯಿತು.

ಪೆಟ್ಟಿಗೆಗಳು ನಮ್ಮಲ್ಲಿಗೆ ವಾಪಸು ಬಂದಾಗ ಮೇಡಂ ಪ್ರೊಫೆಸರರನ್ನು ಕಾಣಲು ವಿಶ್ವವಿದ್ಯಾಲಯಕ್ಕೆ ಹೋಗಿದ್ದರು. ನಾನೊಬ್ಬನೇ ಮುಚ್ಚಳ ತೆಗೆದೆ. ಎಲ್ಲ ಡಬ್ಬಿಗಳ ತಳದಲ್ಲಿ ಬಿಳಿ ಕೆಸರು. ಕಾಗದದ ಪಟ್ಟಿ ಅದ್ದಿದೆ, ಹುಳಿ ಹೆಚ್ಚುಕಡಿಮೆ ಇರಲೇ ಇಲ್ಲ. ಹಸಿರು ಫಲಕಗಳು ನೀಲಿಗೆ ತಿರುಗಿದ್ದವು. ಬೋರಿನ ನೀರಿನ ಸೋಡಾ ಹುಳಿಯನ್ನು ಕೊಂದಿತ್ತು, ಪಾಲಿಮರ್ ಸತ್ತಿತ್ತು. ಬಲ್ಬು ಹಚ್ಚಿ ನೋಡಿದೆ. ಮಂಕಾಗಿಯಾದರೂ ಉರಿಯಿತು.

ನನ್ನ ಮುಂದೆ ಎರಡು ದಿನ ಇದ್ದವು. ಆ ಡಬ್ಬಿಗಳನ್ನು ಹಾಗೇ ಮುಚ್ಚಿಟ್ಟು, ಮೇಡಂ ಬಂದ ಮೇಲೆ ತೋರಿಸಿದ್ದರೆ ಅವರು ಒಂದೇ ನೋಟಕ್ಕೆ ಎಲ್ಲ ತಿಳಿದುಕೊಳ್ಳುತ್ತಿದ್ದರು. ನಾನು ಒಂದೊಂದೇ ಡಬ್ಬಿಯನ್ನು ಮೋರಿಗೆ ಸುರಿದೆ. ಬ್ರಷ್ ಹಾಕಿ ತೊಳೆದೆ. ಫಲಕಗಳನ್ನು ಆಸಿಡ್‌ನಲ್ಲಿ ಅದ್ದಿ ಮತ್ತೆ ಹಸಿರು ಮಾಡಿ ಒಣಗಿಸಿದೆ. ಮೇಡಂ ಬಂದು ಕೇಳಿದಾಗ, "ವಾಸನಿ ಬಂದಿತ್ತುರಿ, ತೊಳದು ಇಟ್ಟೀನಿ" ಎಂದೆ.

ಅವರು ಖಾಲಿ ಡಬ್ಬಿಯನ್ನು ತಿರುಗಿಸಿ ನೋಡಿ ಕೆಳಗಿಟ್ಟರು. "ನೋಡಬೇಕಂತ ಇದ್ದೆ" ಎಂದರು.

ಪ್ರೊಫೆಸರರಿಗೆ ತಾನು ಹೇಳಿದ್ದೇ ಸರಿಯಾಯಿತು ಎಂಬ ಸಮಾಧಾನ. ಎಣ್ಣೆಯ ದ್ರಾವಣದಲ್ಲಿ ಮೊದಲಿನಿಂದ ಕೆಲಸ ಶುರು ಮಾಡು ಎಂದರಂತೆ. ಮೇಡಂ ಶುರು ಮಾಡಲಿಲ್ಲ. ಮುಂದಿನ ವರ್ಷ ಅವರ ತಾತ್ಕಾಲಿಕ ಹುದ್ದೆಯನ್ನೂ ಮುಂದುವರಿಸಲಿಲ್ಲ. ಕಕ್ಕೇರಾದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿ ಹೋದರು. ಹೋಗುವ ದಿನ ನನ್ನನ್ನು ಕರೆದು, "ನಿಮಗ ಭಾಳ ತ್ರಾಸ ಕೊಟ್ಟೆ ಭೀಮರಾಯರ, ಬರ್ಫ ಹೊರಿಸಿದೆ" ಎಂದರು. ಆಗಲೂ ಬಾಯಿ ಬಿಡಲಿಲ್ಲ. ನಾಲ್ಕು ತಿಂಗಳ ಹಿಂದೆಯೇ ನಾನು ಕಾಯಂ ಆಗಿದ್ದೆ. ಭಯಕ್ಕೆ ಕಾರಣವೇ ಉಳಿದಿರಲಿಲ್ಲ. ಸುಮ್ಮನಿರುವುದು ಚಟವಾಗಿತ್ತು.

ಆಮೇಲಿನ ವರ್ಷಗಳಲ್ಲಿ ಪ್ರಯೋಗಶಾಲೆ ಬದಲಾಯಿತು. ಮುಳ್ಳಿನ ಮೀಟರ್ ಹೋಗಿ ಅಂಕಿ ತೋರಿಸುವ ಮೀಟರ್ ಬಂತು. ಕಾಗದದ ಪಟ್ಟಿಯ ಬದಲು ಹುಳಿ ಅಳೆಯುವ ಕಡ್ಡಿ ಬಂತು. ಬಟ್ಟಿ ನೀರು ಕ್ಯಾನಿನಲ್ಲಿ ಬರತೊಡಗಿತು, ಬರ್ಫಕ್ಕೆ ಫ್ರಿಜ್ ಬಂತು. ಹೊಸಬರಿಗೆ ಇದೆಲ್ಲ ಅನುಕೂಲ. ಆದರೆ ಓದಿದ ಅಂಕಿಯನ್ನು ಬರೆಯುವ ಕೈ ಮಾತ್ರ ಹಳೆಯದೇ. ಅಳೆಯದೆ ಬರೆದ ಅಂಕಿಯನ್ನು ಯಾವ ಯಂತ್ರವೂ ಹಿಡಿಯುವುದಿಲ್ಲ. ನಿಮ್ಮನ್ನು ನಂಬಿದವರು ಅದರ ಮೇಲೆ ಮನೆ ಕಟ್ಟುತ್ತಾರೆ. ನಿವೃತ್ತಿಯಾಗುವವರೆಗೂ ನಾನು ಕಾಟಾಚಾರಕ್ಕೆ ಒಂದು ಅಂಕಿಯನ್ನೂ ಬರೆಯಲಿಲ್ಲ. ಜನ ನನ್ನನ್ನು ಬಹಳ ಕಟ್ಟುನಿಟ್ಟಿನ ಮನುಷ್ಯ ಎಂದು ಹೊಗಳುತ್ತಿದ್ದರು. ಹೊಗಳಿದಾಗ ಮಾತು ಬದಲಿಸುತ್ತಿದ್ದೆ.

ನಿವೃತ್ತಿಯಾದ ವರ್ಷ ಶಹಾಪುರದ ಬಸ್ ನಿಲ್ದಾಣದಲ್ಲಿ ಯಾರೋ "ಸರ" ಎಂದು ಕರೆದರು. ಹಣಮಂತ. ತಲೆ ಬೆಳ್ಳಗಾಗಿತ್ತು. ಬಲಗೈ ಮೊಳಕೈಯಲ್ಲಿ ಬಾಗಿ ಹೊಟ್ಟೆಯ ಮುಂದೆ ನಿಂತಿತ್ತು. ಎಡಗೈಯಲ್ಲೇ ನಮಸ್ಕಾರ ಮಾಡಿದ. ಚಹಾ ಕುಡಿಯುತ್ತ ಕೂತೆವು. ತಾನೂ ನಿವೃತ್ತನಾದೆ, ಪಿಂಚಣಿ ಬರುತ್ತದೆ ಎಂದ.

"ಆ ಮೇಡಂ ದಯದಿಂದ್ರಿ. ದೊಡ್ಡ ಮನಷ್ಯಾರು. ತನ್ನ ತಪ್ಪು ತಾನ ಬರದು ಕೊಟ್ರು. ಇವತ್ತಿಗೂ ಮಂದಿ ಮುಂದ ಹೇಳತೀನ್ರಿ, ತಪ್ಪು ಮಾಡಿದ್ರ ಹಂಗ ಒಪ್ಪಿಕೋಬೇಕಂತ."

ಚಹಾದ ಗ್ಲಾಸು ಕೆಳಗಿಟ್ಟೆ. ಇಷ್ಟು ವರ್ಷ ಬಾರದ ಮಾತು ಅಲ್ಲಿ, ಬಸ್ಸುಗಳ ಗದ್ದಲದಲ್ಲಿ ಬಂತು. ಬೋರಿನ ನೀರು, ಬಲ್ಬು, ನೋಟ್‌ಬುಕ್, ತೊಳೆದ ಡಬ್ಬಿ, ಎಲ್ಲವನ್ನೂ ಹೇಳಿದೆ. ಹಣಮಂತ ಎಡಗೈಯಿಂದ ಬಲಗೈಯ ಮೊಳಕೈ ಹಿಡಿದುಕೊಂಡು ಕೂತಿದ್ದ. ಹೊಡೆದಿದ್ದರೂ ನಾನು ಸುಮ್ಮನಿರುತ್ತಿದ್ದೆ.

"ನನಗ ಗುಮಾನಿ ಇತ್ತುರಿ ಸರ, ಏನೋ ಆಗ್ಯಾದ ಅಂತ" ಎಂದ ಕೊನೆಗೆ. "ನೀವ ಹೇಳ್ತೀರಿ ಅಂತ ಅವತ್ತು ನೋಡಿದೆ. ಹೋಗ್ಲಿ. ನನ್ನ ಕೈ ಹೋತು, ನೌಕರಿ ಉಳೀತು. ಅವರದು ಎಲ್ಲಾ ಹೋತಲ್ರಿ. ನನ್ನ ಮುಂದ ಹೇಳಿ ಏನ್ ಬಂತು? ಕಕ್ಕೇರಾಕ್ಕ ಹೋಗ್ರಿ."

ಅವನು ತನ್ನ ಚಹಾ ಮುಗಿಸದೆ ಎದ್ದು ಹೋದ.

ಮರುದಿನ ಮಧ್ಯಾಹ್ನ ಕಕ್ಕೇರಾದಲ್ಲಿ ಇಳಿದೆ. ಮೇಡಂ ಮನೆ ಕೇಳಿದರೆ ಯಾರು ಬೇಕಾದರೂ ತೋರಿಸುವಂತಿತ್ತು, ಊರಿಗೆಲ್ಲ ಪಾಠ ಹೇಳಿದವರು. ಅವರೂ ಹಿಂದಿನ ವರ್ಷ ನಿವೃತ್ತರಾಗಿದ್ದರು. ಕನ್ನಡಕದ ಗಾಜು ದಪ್ಪವಾಗಿತ್ತು. ನನ್ನನ್ನು ಗುರುತು ಹಿಡಿದು, "ಬರ್ರಿ ಭೀಮರಾಯರ, ಒಳಗ ಬರ್ರಿ" ಎಂದು ಕುರ್ಚಿ ಎಳೆದರು. ನೀರು ಕೊಟ್ಟರು. ಕುಡಿಯದೆ ಲೋಟ ಹಿಡಿದೆ. ನಿಂತುಕೊಂಡೇ ಹೇಳಿದೆ.

ಅವರು ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ನಾನು ನಿರೀಕ್ಷಿಸಿದ ಮಾತಲ್ಲ.

"ಮುಂದಿನ ಬೋರೋ, ಹಿಂದಿನದೋ?"

"ಹಿಂದಿನದು ಮೇಡಂ."

"ಒಂದೊಂದು ಡಬ್ಬಿಗೆ ಎಷ್ಟು ಹಾಕಿದ್ರಿ?"

"ಸುಮಾರು ಒಂದು ಲೋಟ. ಮೂರು ವಾರ."

"ಕೆಸರು ಬೆಳ್ಳಗಿತ್ತೇನು? ಫಲಕ ನೀಲಿ ಆಗಿದ್ದುವಾ?"

"ಹೌದ್ರಿ."

ಅವರು ಬೆರಳಿನಿಂದ ಮೊಳಕಾಲಿನ ಮೇಲೆ ಏನೋ ಬರೆದರು. ಲೆಕ್ಕ ಮಾಡುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು, ಹಿಂದೆ ಪ್ರಯೋಗಶಾಲೆಯಲ್ಲೂ ಹಾಗೇ ಮಾಡುತ್ತಿದ್ದರು. ಬೆರಳು ನಿಂತಿತು.

"ಹಂಗಾದ್ರ ದ್ರಾವಣ ಸರಿ ಇತ್ತು" ಎಂದರು. ನನಗಲ್ಲ, ತಮಗೇ ಹೇಳಿಕೊಂಡರು.

"ನನ್ನಿಂದ ತಪ್ಪಾತು ಮೇಡಂ" ಎಂದೆ.

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

"ಪ್ರತಿ ವರ್ಷ ಹತ್ತನೇ ಕ್ಲಾಸಿಗೆ ಬ್ಯಾಟರಿ ಪಾಠ ಬರತಿತ್ತು ಭೀಮರಾಯರ. ಪ್ರತಿ ವರ್ಷ ನಾ ಮಕ್ಕಳಿಗೆ ವನದುರ್ಗದ ಕಥಿ ಹೇಳತಿದ್ದೆ. ಪ್ರಯೋಗಶಾಲಿಯಾಗ ಸರಿ ಬಂತಂತ ಸೊಕ್ಕು ಮಾಡಬ್ಯಾಡ್ರಿ, ನಾ ಮಾಡಿದೆ, ಒಬ್ಬನ ಕೈ ಹೋತು ಅಂತ ಹೇಳತಿದ್ದೆ. ನೀರಿನ ದ್ರಾವಣ ನಮ್ಮ ಬಿಸಲಿಗೆ ತಡಿಯೂದಿಲ್ಲ ಅಂತ ಹಲಗಿ ಮ್ಯಾಲ ಬರದು ತೋರಸತಿದ್ದೆ." ಕನ್ನಡಕ ಮತ್ತೆ ಹಾಕಿಕೊಂಡರು. "ಅಷ್ಟು ಮಕ್ಕಳಿಗೆ ಸುಳ್ಳು ಕಲಿಸೀನಲ್ರಿ ನಾನ."

ನಾನು ನಿಂತೇ ಇದ್ದೆ. ಅವರು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಿಗೆ ಬಂದು ನಿಂತರು. ಕಣ್ಣು ಕೆಂಪಾಗಿದ್ದವು, ದನಿ ನೆಟ್ಟಗಿತ್ತು.

"ಸುರಪುರದ ಬಸ್ಸು ಐದಕ್ಕದ. ಆಮ್ಯಾಲ ಇಲ್ಲ. ಹೊರಡ್ರಿ" ಎಂದರು.